ಮಕ್ಸೂದ್ ಸಾಹೇಬರ ಹೆದರಿಕೆ ರಿಜಿಸ್ಟರು

ಕಾರ್ಖಾನೆಯ ಕೊಳೆನೀರಿನಲ್ಲಿ ಕರಗಿ ಹೋಗುವ ಅಮೋನಿಯವನ್ನು ಹಿಡಿದು, ಅದನ್ನು ಹೊಲಕ್ಕೆ ಹಾಕಬಹುದಾದ ಗೊಬ್ಬರದ ಹರಳನ್ನಾಗಿ ಮಾಡುವ ಕೆಲಸದಲ್ಲಿ ನಮ್ಮ ಜಿಲ್ಲೆಯಲ್ಲಿ ಮೊದಲು ಕೈ ಹಾಕಿದವರು ಯಾರು ಎಂದು ಯಾರಾದರೂ ಕೇಳಿದರೆ, ಹಿರಿಯೂರಿನ ಹೊರಗಿರುವ ನಮ್ಮ ಬಣ್ಣದ ಕಾರ್ಖಾನೆಯಲ್ಲಿ ದುಡಿದ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ. ಮೂವತ್ತನಾಲ್ಕು ವರ್ಷಗಳ ಸೇವೆಯನ್ನು ಮುಗಿಸಿ ಈ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಿರುವ ಶ್ರೀ ಮಕ್ಸೂದ್ ಸಾಹೇಬರು ಪುಸ್ತಕ ಬರೆದವರಲ್ಲ, ವೇದಿಕೆಯ ಮೇಲೆ ಮಾತಾಡಿದವರಲ್ಲ. ಅವರು ಕಟ್ಟಿದ್ದು ಅಮೋನಿಯ ಹಿಡಿಯುವ ಎರಡು ಗೋಪುರ, ಇಟ್ಟದ್ದು ಒಂದು ರಿಜಿಸ್ಟರು. ಅಭಿನಂದನ ಗ್ರಂಥದ ಸಂಪಾದಕರು ಗೋಪುರಗಳ ಬಗ್ಗೆ ಬರೆಯಲು ಬಲ್ಲವರನ್ನು ಕೇಳಿಕೊಂಡಿದ್ದಾರೆ. ರಿಜಿಸ್ಟರಿನ ಬಗ್ಗೆ ಬರೆಯುವ ಕೆಲಸ ನನಗೆ ಬಂದಿದೆ.

ನನಗೆ ಇದನ್ನು ಬರೆಯುವ ಅರ್ಹತೆ ಇದೆಯೇ ಎಂದು ಮೂರು ವಾರದಿಂದ ಯೋಚಿಸುತ್ತಿದ್ದೇನೆ. ಪಿ.ಯು.ಸಿ.ಯ ರಸಾಯನಶಾಸ್ತ್ರವನ್ನು ಅರ್ಧಕ್ಕೆ ಬಿಟ್ಟು, ಹಗಲು ಎಣ್ಣೆ ಮಿಲ್ಲಿನಲ್ಲಿ ದುಡಿದು, ಚಿತ್ರದುರ್ಗದ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಚಿಕ್ಕಜಾಜೂರಿನವನು ನಾನು. ಅಂಥ ನನಗೆ ಬರುವ ಒಂದನೇ ತಾರೀಖಿನಿಂದ ಸಾಹೇಬರ ಜಾಗವನ್ನು ವಹಿಸಿದ್ದಾರೆ. ಆದೇಶದ ಕಾಗದ ಕೈಗೆ ಬಂದಂದಿನಿಂದ ನನಗೆ ಊಟ ಸೇರುತ್ತಿಲ್ಲ. ಗೋಪುರದಲ್ಲಿ ಸುತ್ತುವ ಅಮೋನಿಯ ಒಂದು ಕೀಲು ಸಡಿಲವಾದರೂ ಹೊರಬಂದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ. ಅದರ ಬಳಿ ಎಂಟು ಜನ ಕೆಲಸ ಮಾಡುತ್ತಾರೆ. ಒಂದನೇ ತಾರೀಖಿನಿಂದ ಆ ಎಂಟು ಜನರನ್ನು ಸಂಜೆ ಮನೆಗೆ ಕಳಿಸುವ ಹೊಣೆ ನನ್ನದು. ಈ ಹೆದರಿಕೆಯನ್ನು ಮುಚ್ಚಿಟ್ಟು ಬರೀ ಹೊಗಳಿಕೆ ಬರೆದರೆ ಅದು ಸಾಹೇಬರು ಕಲಿಸಿದ್ದಕ್ಕೆ ವಿರುದ್ಧವಾಗುತ್ತದೆ. ಆದ್ದರಿಂದ ಓದುಗರು ಕ್ಷಮಿಸಬೇಕು.

ಸಾಹೇಬರ ತಂದೆಯವರು ಚಿತ್ರದುರ್ಗದ ಹಳೆಯ ಪೇಟೆಯಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ಹತ್ತಿಯ ಉಂಡೆಯಿಂದ ನವಸಾಗರದ, ಅಂದರೆ ಅಮೋನಿಯದ ಲವಣದ, ಪುಡಿ ಉಜ್ಜಿದಾಗ ಏಳುವ ಬಿಳಿಯ ಹೊಗೆ, ಮೂಗಿಗೆ ಅಡರುವ ಅದರ ಘಾಟು, ಆಮೇಲೆ ತವರ ಕರಗಿ ಪಾತ್ರೆಯ ಒಳಮೈ ಬೆಳ್ಳಗಾಗುವುದು, ಇವೆಲ್ಲ ಅವರ ಎಳೆವಯಸ್ಸಿನ ನೆನಪುಗಳು. ಮುಂದೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಮೋನಿಯದ ಸೀಸೆಯ ಬಿರಡೆ ತೆಗೆದ ದಿನ ‘ಇದು ನಮ್ಮಪ್ಪನ ಅಂಗಡಿ’ ಎಂದು ಜೋರಾಗಿ ಹೇಳಿ ಉಪನ್ಯಾಸಕರಿಂದ ಬೈಸಿಕೊಂಡರಂತೆ. ನಮ್ಮ ಕಾರ್ಖಾನೆಗೆ ಪ್ರಯೋಗಶಾಲೆಯ ಸಹಾಯಕರಾಗಿ ಸೇರಿದ ಮೊದಲ ವಾರ, ಹಿಂಬದಿಯ ಕೊಳೆನೀರಿನ ಹೊಂಡದ ದಂಡೆಯಲ್ಲಿ ಅವರಿಗೆ ಸಿಕ್ಕಿದ್ದು ಅದೇ ಘಾಟು. ಆ ಹೊಂಡದ ನೀರು ನೆಲಕ್ಕೆ ಇಂಗಿದರೆ ಸುತ್ತಲ ಬಾವಿಗಳ ಗತಿ ಏನು ಎಂಬ ಚಿಂತೆ ಅವರಿಗೆ ಆಗಲೇ ಹತ್ತಿತು. ಇಪ್ಪತ್ತು ವರ್ಷ ಅವರು ಅದನ್ನು ಹೇಳುತ್ತಲೇ ಬಂದರು. ಇಪ್ಪತ್ತು ವರ್ಷವೂ ಯಾರಿಗೂ ಪುರುಸೊತ್ತು ಇರಲಿಲ್ಲ.

ಕೊನೆಗೆ ಅವರೇ ಒಂದು ಪ್ಲಾಸ್ಟಿಕ್ ಡ್ರಮ್ಮು ತಂದು, ತೆಂಗಿನ ತೋಟದವರು ಬಿಸಾಡಿದ ಹನಿ ನೀರಾವರಿ ಪೈಪನ್ನು ಬೆರಳುದ್ದಕ್ಕೆ ಕತ್ತರಿಸಿ ಒಳಗೆ ತುಂಬಿದರು. ಸುಣ್ಣ ಬೆರೆಸಿದ ಕೊಳೆನೀರನ್ನು ಮೇಲಿನಿಂದ ಸುರಿದು, ಕೆಳಗಿನಿಂದ ಗಾಳಿ ಊದಿದರು. ಊದಿದ್ದು ಅವರ ತಂದೆಯವರ ಕಲಾಯಿ ತಿದಿಯಿಂದ. ನೀರನ್ನು ಬಿಟ್ಟು ಗಾಳಿಯನ್ನು ಹಿಡಿದ ಅಮೋನಿಯವನ್ನು ಇನ್ನೊಂದು ಡ್ರಮ್ಮಿನಲ್ಲಿದ್ದ ತೆಳು ಗಂಧಕಾಮ್ಲದೊಳಗೆ ಹಾಯಿಸಿದರು. ಒಂದು ವಾರದ ಮೇಲೆ ಆ ಆಮ್ಲವನ್ನು ಕಾಯಿಸಿ ಇಂಗಿಸಿದಾಗ ತಳದಲ್ಲಿ ಎರಡು ಹಿಡಿ ಬಿಳಿಯ ಹರಳು ನಿಂತಿತ್ತು. ಅಮೋನಿಯಂ ಸಲ್ಫೇಟ್. ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಆಗಿನ್ನೂ ಹೊಸದಾಗಿ ಬಂದಿದ್ದ ವ್ಯವಸ್ಥಾಪಕಿ ಜಯಶೀಲಾ ಮೇಡಂ ಅವರ ಮೇಜಿನ ಮೇಲಿಟ್ಟು, ‘ನಮ್ಮಪ್ಪ ಹೊಗೆ ಮಾಡಿ ಬಿಟ್ಟಿದ್ದನ್ನ ನಾನು ಪೊಟ್ಟಣ ಕಟ್ಕಂಡು ಬಂದೀನಿ ಮೇಡಂ’ ಎಂದರಂತೆ. ಎರಡು ವರ್ಷದೊಳಗೆ ಆ ಎರಡು ಡ್ರಮ್ಮುಗಳ ದೊಡ್ಡ ರೂಪವಾಗಿ ಈಗಿನ ಗೋಪುರಗಳು ಎದ್ದವು. ಹೊಂಡವನ್ನು ಮುಚ್ಚಿದರು. ಆ ವರ್ಷವೇ ನಾನು ಕೆಲಸಕ್ಕೆ ಸೇರಿದೆ.

ಸಂದರ್ಶನದಲ್ಲಿ ಮೂವರಿದ್ದೆವು, ಉಳಿದಿಬ್ಬರು ಬಿ.ಎಸ್ಸಿ. ಓದಿದವರು. ಗೋಪುರದ ಮುಂದೆ ಕರೆದೊಯ್ದು ಸಾಹೇಬರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು: ‘ಇದನ್ನ ನೋಡಿದ್ರೆ ಏನನ್ನಿಸ್ತೈತೆ?’ ಅವರಿಬ್ಬರೂ ಗೋಪುರದ ಕೆಲಸವನ್ನು ವಿವರಿಸಿದರು. ನಾನು, ‘ಹೆದರಿಕೆ ಆಗುತ್ತೆ ಸರ್’ ಎಂದೆ. ಕೆಲಸ ತಪ್ಪಿತೆಂದುಕೊಂಡು ಚಿತ್ರದುರ್ಗಕ್ಕೆ ಬಂದು ಚಿಕ್ಕಜಾಜೂರಿನ ರೈಲು ಹತ್ತಿದವನಿಗೆ ನಾಲ್ಕನೇ ದಿನ ಆದೇಶ ಬಂತು. ಮುಂದಿನ ಎರಡು ವರ್ಷ, ಪ್ರತಿದಿನ ಸಂಜೆ ನಾಲ್ಕರಿಂದ ಐದರವರೆಗೆ ಅವರು ನನಗೆ ರಸಾಯನಶಾಸ್ತ್ರ ಕಲಿಸಿದರು. ಬ್ಯೂರೆಟ್ಟಿನ ಹನಿ ಎಣಿಸುವಾಗ ನನ್ನ ಕೈ ನಡುಗುತ್ತಿತ್ತು. ನಡುಗುವ ಕೈಯನ್ನು ಹಿಡಿಯದೆ, ಬ್ಯೂರೆಟ್ಟಿನ ಸ್ಟ್ಯಾಂಡನ್ನು ಹಿಡಿದು ನಿಲ್ಲುತ್ತಿದ್ದರು.

ಇನ್ನು ರಿಜಿಸ್ಟರಿನ ಸಂಗತಿ. ಬೆಳಗ್ಗೆ ಎಂಟಕ್ಕೆ, ಗಾಳಿ ಊದುವ ಬ್ಲೋವರನ್ನು ಚಾಲೂ ಮಾಡುವ ಮೊದಲು, ಗೋಪುರದ ಮುಂದೆ ನಾವೆಲ್ಲ ಸಾಲಾಗಿ ನಿಲ್ಲಬೇಕು. ಸಾಹೇಬರು ಉದ್ದನೆಯ ರಿಜಿಸ್ಟರು ತೆರೆದು ಒಬ್ಬೊಬ್ಬರನ್ನೂ ಕೇಳುತ್ತಾರೆ: ‘ಇವತ್ತು ಯಾವುದಕ್ಕೆ ಹೆದರಿಕೆ?’ ಹೇಳಿದ್ದನ್ನು ಅವರವರ ಹೆಸರಿನ ಮುಂದೆ ಬರೆದುಕೊಳ್ಳುತ್ತಾರೆ. ಬೆಲ್ಟು ಸವೆದಿದೆ ಎನ್ನಬಹುದು, ಏಣಿಯ ಮೂರನೇ ಮೆಟ್ಟಿಲು ಅಲ್ಲಾಡುತ್ತದೆ ಎನ್ನಬಹುದು, ಮಗುವಿಗೆ ಜ್ವರ, ಗಮನ ಇಲ್ಲಿರುವುದಿಲ್ಲ ಎಂದೂ ಹೇಳಬಹುದು. ಬರೆದ ಪ್ರತಿಯೊಂದನ್ನೂ ನೋಡಿ ಬಂದ ಮೇಲೆಯೇ ಬ್ಲೋವರು ತಿರುಗುವುದು. ‘ಏನೂ ಇಲ್ಲ’ ಎಂದರೆ ಬೈಯುವುದಿಲ್ಲ. ಆ ಸಾಲು ಖಾಲಿ ಉಳಿಯುತ್ತದೆ, ಅಷ್ಟೆ.

ಮೊದಲ ಮೂರು ತಿಂಗಳು ನನ್ನ ಸಾಲು ಒಂದು ದಿನವೂ ಖಾಲಿ ಇರಲಿಲ್ಲ. ಬ್ಲೋವರು ನಡೆಸುವ ಹಾಲಸ್ವಾಮಿಗೆ ಅದೇ ತಮಾಷೆ. ‘ಲೇ ತಿಮ್ಮೇಶ, ಇವತ್ತು ಏನು ಕಂಡ್ಯಪ್ಪ? ನಿನ್ನ ನೆರಳೇನಾದ್ರೂ ಹಿಂದೆ ಬಂತಾ? ಅದನ್ನೂ ಬರೆಸ್ಬಿಡು, ಸಾಹೇಬ್ರು ಹೋಗಿ ನೋಡ್ಕಂಡು ಬರ್ತಾರೆ’ ಎನ್ನುವನು. ಎಲ್ಲರೂ ನಗುವರು. ಆ ನಗೆಗೆ ನಾನು ಒಂದು ದಿನ ಸೋತೆ. ಅದರ ಕಥೆಯನ್ನು ಇಲ್ಲಿ ಹೇಳಲೇಬೇಕು.

ಬಾಯ್ಲರಿಗೆ ಹೋಗುವ ನೀರನ್ನು ಮೆದು ಮಾಡಲು ನಮ್ಮಲ್ಲಿ ಕಲ್ಲುಪ್ಪು ಬಳಸುತ್ತಾರೆ. ಚೀಲ ಹರಿದು ತೇವವಾದ ಉಪ್ಪನ್ನು ಹಿಂದಿನ ಗೇಟಿಗೆ ಬರುವ ಕುರಿಗಾರರಿಗೆ ಕೊಡುವುದು ಹಿಂದಿನಿಂದಲೂ ನಡೆದುಬಂದ ಪದ್ಧತಿ. ಕುರಿಗಳಿಗೆ ಉಪ್ಪು ನೆಕ್ಕಿಸಬೇಕಷ್ಟೆ. ನಮ್ಮ ಗೊಬ್ಬರಕ್ಕೆ ಆಗಿನ್ನೂ ಅಚ್ಚು ಹಾಕಿದ ಚೀಲ ಬಂದಿರಲಿಲ್ಲ. ಹರಳು ರಾಶಿ ಬಿದ್ದು ಹಾಳಾಗುತ್ತದೆಂದು ನಾನು ಖಾಲಿಯಾದ ಉಪ್ಪಿನ ಚೀಲಗಳನ್ನು ಒಗೆದು, ಒಣಗಿಸಿ, ಅವುಗಳಲ್ಲೇ ಹನ್ನೊಂದು ಚೀಲ ಗೊಬ್ಬರ ತುಂಬಿ ಹಿಂದಿನ ಗೇಟಿನ ಪಕ್ಕದ, ಹಾಳಾದ ಉಪ್ಪನ್ನೂ ಇಡುವ ಶೆಡ್ಡಿನಲ್ಲಿಟ್ಟೆ. ಮರುದಿನ ಬೆಳಗ್ಗೆ ಸಾಲಿನಲ್ಲಿ ನಿಂತಾಗ, ಅದೂ ಬಿಳಿ, ಇದೂ ಬಿಳಿ, ಚೀಲವೂ ಒಂದೇ, ಯಾರಾದರೂ ಉಪ್ಪೆಂದು ಎತ್ತಿ ಕೊಟ್ಟರೆ ಎಂದು ಹೆದರಿಕೆಯಾಯಿತು. ಅಷ್ಟರಲ್ಲಿ ಹಾಲಸ್ವಾಮಿ ನನ್ನತ್ತ ನೋಡಿ ಹುಬ್ಬು ಹಾರಿಸಿದ. ಸಾಹೇಬರು ಕೇಳಿದರು. ‘ಏನೂ ಇಲ್ಲ ಸಾಹೇಬ್ರೆ’ ಎಂದೆ.

ಹನ್ನೊಂದು ಗಂಟೆಗೆ ಕುರಿಗಾರ ಓಬಣ್ಣ ತನ್ನ ಟಿ.ವಿ.ಎಸ್. ಗಾಡಿಯಲ್ಲಿ ಬಂದಿದ್ದಾನೆ, ಹಾಲಸ್ವಾಮಿ ಎಂದಿನಂತೆ ಶೆಡ್ಡಿನಿಂದ ಒಂದು ಚೀಲ ಎತ್ತಿ ಕೊಟ್ಟಿದ್ದಾನೆ. ಒಂದು ಗಂಟೆಗೆ ನಾನು ಶೆಡ್ಡಿಗೆ ಹೋದಾಗ ಹತ್ತೇ ಚೀಲ ಇದ್ದವು. ಅಮೋನಿಯಂ ಸಲ್ಫೇಟ್ ಕುರಿಯ ಹೊಟ್ಟೆ ಸೇರಿದರೆ ಅಲ್ಲಿ ಮತ್ತೆ ಅಮೋನಿಯವೇ ಆಗಿ ರಕ್ತಕ್ಕೆ ಏರುತ್ತದೆಂದು ಸಾಹೇಬರು ಹಿಂದಿನ ವಾರವಷ್ಟೇ ಪಾಠ ಹೇಳಿದ್ದರು. ಹಾಲಸ್ವಾಮಿಯಿಂದ ನಡೆದದ್ದು ತಿಳಿದು ಸಾಹೇಬರ ಬಳಿ ಓಡಿದೆ. ‘ಶೆಡ್ಡಲ್ಲಿ ಹತ್ತೇ ಚೀಲ ಐತೆ ಸಾಹೇಬ್ರೆ, ಒಂದನ್ನ ಉಪ್ಪು ಅಂತ ಓಬಣ್ಣಂಗೆ ಕೊಟ್ಬಿಟ್ಟಾರೆ’ ಎಂದೆ. ಅವರು ‘ಯಾವ ಕಡೆ ಹೋದ?’ ಎಂದಷ್ಟೇ ಕೇಳಿದರು.

ಓಬಣ್ಣನ ಫೋನು ಸ್ವಿಚ್ ಆಫ್ ಆಗಿತ್ತು. ಹೊಸದುರ್ಗದ ರಸ್ತೆ ಎಂಬುದಷ್ಟೇ ಗೊತ್ತಿತ್ತು. ನನ್ನ ಬೈಕಿನ ಹಿಂದೆ ಕೂತ ಸಾಹೇಬರು ದಾರಿಯುದ್ದಕ್ಕೂ ಪರಿಚಯದ ಪಶುವೈದ್ಯರಿಗೆ ಫೋನು ಮಾಡುತ್ತಿದ್ದರು. ‘ನೀರಿಗೆ ವಿನೆಗರ್ ಬೆರೆಸಿ ಕುಡಿಸಿ, ನಾನು ಹಿಂದೆಯೇ ಬರುತ್ತೇನೆ’ ಎಂದರು ವೈದ್ಯರು. ರಸ್ತೆಬದಿಯ ಗೋಬಿ ಮಂಚೂರಿ ಗಾಡಿಯವನ ಹತ್ತಿರ ಇದ್ದ ಆರು ಬಾಟಲಿ ವಿನೆಗರನ್ನೂ ಸಾಹೇಬರು ಎತ್ತಿಕೊಂಡಾಗ ಅವನು, ‘ಏನ್ ಸಾಬ್ರೆ, ಅಂಗಡಿ ಇಕ್ತೀರಾ?’ ಎಂದು ನಕ್ಕ. ಅಂಥ ಹೊತ್ತಿನಲ್ಲೂ ಸಾಹೇಬರು ಅವನಿಗೆ ‘ನಿಂಗೆ ಪೈಪೋಟಿ ಕೊಡಲ್ಲಪ್ಪ’ ಎಂದು ಉತ್ತರ ಕೊಟ್ಟೇ ಬೈಕು ಹತ್ತಿದರು. ನನಗೆ ನಗು ಬರಲಿಲ್ಲ. ಎದುರಿಗೆ ಬಂದವರನ್ನೆಲ್ಲ ಕುರಿಮಂದೆ ಕಂಡಿರಾ ಎಂದು ಕೇಳುತ್ತ, ಪ್ರತಿ ತಿರುವಿನಲ್ಲೂ ಸತ್ತು ಬಿದ್ದ ನೂರು ಕುರಿಗಳನ್ನು ಕಾಣುತ್ತ ಗಾಡಿ ಓಡಿಸಿದೆ.

ಮೂರೂವರೆಯ ಹೊತ್ತಿಗೆ, ತೆಂಗಿನ ತೋಟಗಳ ಆಚೆಯ ಬೀಳು ನೆಲದಲ್ಲಿ ಮಂದೆ ಸಿಕ್ಕಿತು. ನೀರು ಕುಡಿಸಿಕೊಂಡು ಬಂದ ಕುರಿಗಳಿಗೆ ಚಪ್ಪಟೆ ಬಂಡೆಯ ಮೇಲೆ ಉಪ್ಪು ಹರಡುವುದು ಅವರ ವಾಡಿಕೆ. ಬಂಡೆಯ ಮೇಲೆ ಬಿಳಿಯ ಗೆರೆ ಕಾಣುತ್ತಿತ್ತು. ಆದರೆ ಓಬಣ್ಣನೂ ಅವನ ಹೆಂಡತಿ ನಿಂಗಕ್ಕನೂ ಕೋಲು ಅಡ್ಡ ಹಿಡಿದು ಮಂದೆಯನ್ನು ತಡೆಯುತ್ತಿದ್ದರು. ಮುನ್ನುಗ್ಗಿ ನೆಕ್ಕಿದ್ದ ಐದು ಕುರಿಗಳು ಪಕ್ಕದಲ್ಲಿದ್ದವು. ಒಂದು ಆಗಲೇ ಮಲಗಿ ಕಾಲು ಜಾಡಿಸುತ್ತಿತ್ತು.

‘ಏನ್ ಉಪ್ಪು ಕೊಟ್ರಿ ಸಾಬ್ರೆ?’ ಎಂದು ಕೂಗಿದ ಓಬಣ್ಣ. ‘ಯಾವತ್ತಿನಂಗೆ ಒಂದು ಹರಳು ಬಾಯಿಗೆ ಹಾಕ್ಕಂಡೆ. ಚುಳ್ ಅಂತು, ಉಗುಳ್ದೆ. ಯಾಕೋ ಹೆದರಿಕೆ ಆತು, ಹಿಡಿಯೇ ನಿಂಗಿ ಅಂದೆ. ಇವು ಕೇಳ್ಬೇಕಲ್ಲ!’

ನಾವು ನಾಲ್ವರೂ ಒಂದೊಂದೇ ಕುರಿಯ ದವಡೆ ಹಿಡಿದು ಹುಳಿನೀರು ಕುಡಿಸಿದೆವು. ಬಂಡೆಯನ್ನು ಸಾಹೇಬರು ತಮ್ಮ ಅಂಗಿ ಬಿಚ್ಚಿ ಒರೆಸಿದರು. ನಾಲ್ಕು ಉಳಿದವು. ಮಲಗಿದ್ದ ಕುರಿ ವೈದ್ಯರು ಬರುವ ಮೊದಲೇ ಸತ್ತಿತು, ಅದು ಗಬ್ಬವಾಗಿತ್ತು. ನಿಂಗಕ್ಕ ಅದರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ‘ಎಲ್ಡು ಹೋದ್ವಲ್ಲಣ್ಣ’ ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ಆ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲವೇನೋ.

ಮರುದಿನ ಬೆಳಗ್ಗೆ ಎಂಟಕ್ಕೆ, ಕೆಲಸ ಬಿಡುವ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತೆ. ಸಾಹೇಬರು ನಡೆದುದನ್ನೆಲ್ಲ ಎಲ್ಲರೆದುರು ಹೇಳಿದರು. ಚೀಲ ತುಂಬಿಸಿದವನು ತಿಮ್ಮೇಶ, ಎತ್ತಿ ಕೊಟ್ಟವನು ಹಾಲಸ್ವಾಮಿ, ಶೆಡ್ಡಿಗೆ ಬೀಗ ಹಾಕಿಸದವರು ತಾವೇ ಎಂದು ಮೂವರ ಹೆಸರನ್ನೂ ಹೇಳಿದರು. ಯಾರದನ್ನೂ ಮುಚ್ಚಲಿಲ್ಲ, ಯಾರದನ್ನೂ ದೊಡ್ಡದು ಮಾಡಲಿಲ್ಲ. ನಾನು ಮುಂದೆ ಬಂದು, ‘ನಿನ್ನೆ ನಂಗೆ ಈ ಹೆದರಿಕೆ ಇತ್ತು ಸಾಹೇಬ್ರೆ, ಹೇಳ್ಲಿಲ್ಲ; ಈಗ ಬರ್ಕಳ್ರಿ’ ಎಂದೆ. ಅವರು ಹಿಂದಿನ ದಿನದ ಪುಟ ತೆರೆದು, ನನ್ನ ಹೆಸರಿನ ಮುಂದಿನ ಖಾಲಿ ಸಾಲನ್ನು ನೋಡಿ, ‘ಬ್ಯಾಡ. ಅದು ಹಂಗೇ ಇರ್ಲಿ. ಇವತ್ತಿಂದು ಹೇಳು’ ಎಂದರು. ಹಾಲಸ್ವಾಮಿ ಅಂದಿನಿಂದ ನನ್ನ ಹೆದರಿಕೆಗೆ ನಗುವುದನ್ನು ಬಿಟ್ಟ. ಗೊಬ್ಬರದ ಚೀಲಕ್ಕೆ ನೀಲಿ ಪಟ್ಟೆ ಬಂತು. ಆ ವರ್ಷ ಪೂರ್ತಿ ಸಾಹೇಬರು ತಿಂಗಳಿಗೊಮ್ಮೆ ಓಬಣ್ಣನ ಮಂದೆ ಎಲ್ಲಿದ್ದರೂ ಹುಡುಕಿಕೊಂಡು ಹೋಗಿ, ಉಳಿದ ನಾಲ್ಕು ಕುರಿಗಳ ಕಣ್ಣು, ಬಾಯಿ ನೋಡಿ ಬರುತ್ತಿದ್ದರು. ಅವರು ಎರಡು ಮರಿಗಳನ್ನು ಕೊಂಡು ಕೊಟ್ಟದ್ದನ್ನು ನಿಂಗಕ್ಕನೇ ಮುಂದೆ ಹೇಳಿ ನನಗೆ ಗೊತ್ತಾಯಿತು.

ಹೀಗೆ ಹನ್ನೊಂದು ವರ್ಷ. ಕಳೆದ ಎರಡೂವರೆ ವರ್ಷಗಳಿಂದ ಒಂದು ಬದಲಾವಣೆಯಾಗಿತ್ತು, ಅದರಿಂದ ನಾನು ಒಳಗೊಳಗೇ ಕುಗ್ಗಿದ್ದೆ. ಒಂದು ಕೆಟ್ಟ ಜ್ವರದಿಂದ ಎದ್ದು ಕೆಲಸಕ್ಕೆ ಬಂದ ಸಾಹೇಬರು ನನ್ನನ್ನು ಸಾಲಿನಿಂದ ಕರೆದು ತಮ್ಮ ಎಡಕ್ಕೆ ನಿಲ್ಲಿಸಿಕೊಳ್ಳತೊಡಗಿದರು. ಬ್ಲೋವರು ತಿರುಗಿದ ಕೂಡಲೇ ಗೋಪುರವನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದರು. ಗೋಪುರ ಸುತ್ತುವಾಗಲೂ ನಾನು ಜೊತೆಗಿರಬೇಕು. ಆ ಖಾಲಿ ಸಾಲನ್ನು ಅವರು ಇನ್ನೂ ಮರೆತಿಲ್ಲ, ನನ್ನ ಮೇಲೆ ನಂಬಿಕೆ ಹೋಗಿದೆ, ಆದ್ದರಿಂದ ಕಾವಲು ಕಾಯುತ್ತಿದ್ದಾರೆ ಎಂದುಕೊಂಡೆ. ಒಂದು ಬೆಳಗ್ಗೆ ನಾನು ಮೂಗು ಸಿಂಡರಿಸಿದ್ದೇ ತಡ, ಅವರು ಕೈಯೆತ್ತಿ ಬ್ಲೋವರು ನಿಲ್ಲಿಸಿಬಿಟ್ಟರು. ಕೀಲಿನ ರಬ್ಬರು ಸೀಳಿತ್ತು. ಎಷ್ಟು ಚುರುಕು ಮೂಗು ಈ ವಯಸ್ಸಿನಲ್ಲಿ ಎಂದು ಎಲ್ಲರೂ ಅವರನ್ನು ಕೊಂಡಾಡಿದರು; ನಾನೂ ಕೊಂಡಾಡಿದೆ. ಪ್ರತಿ ವರ್ಷ ಹಂಗಾಮಿನಲ್ಲಿ ಚಿತ್ರದುರ್ಗದಿಂದ ಒಂದು ಬುಟ್ಟಿ ಸೀತಾಫಲ ತಂದು ನಮಗೆಲ್ಲ ಹಂಚುವುದು ಅವರ ರೂಢಿ. ಕಳೆದೆರಡು ಹಂಗಾಮಿನಲ್ಲಿ ಬುಟ್ಟಿಯನ್ನು ನನ್ನ ಮುಂದಿಟ್ಟು, ‘ಯಾವುದು ಹಣ್ಣಾಗೈತೆ ಮೂಸಿ ನೋಡಪ್ಪ’ ಎನ್ನುತ್ತಿದ್ದರು. ನನ್ನ ಮೇಲಿನ ಪ್ರೀತಿಯೆಂದು ತಿಳಿದಿದ್ದೆ.

ಹದಿನೈದು ದಿನದ ಹಿಂದೆ, ಅಧಿಕಾರ ಒಪ್ಪಿಸುವಾಗ, ಅವರು ಶೆಡ್ಡಿನ ಬೀಗದ ಕೈಯನ್ನೂ ರಿಜಿಸ್ಟರುಗಳನ್ನೂ ನನ್ನ ಮುಂದಿಟ್ಟು, ‘ಹಿಂದಲಿಂದಾನೂ ಓದು’ ಎಂದು ಹೇಳಿ ನಮಾಜಿಗೆ ಹೋದರು. ರಿಜಿಸ್ಟರನ್ನು ತಿರುವಿ ಹಿಡಿದರೆ ಹಿಂದಿನಿಂದ ಶುರುವಾಗುವ ಕೆಲವು ಪುಟಗಳಿದ್ದವು. ಅವು ಸಾಹೇಬರು ತಮ್ಮ ಹೆದರಿಕೆಗಳನ್ನು ಬರೆದು ಜಯಶೀಲಾ ಮೇಡಂ ಅವರಿಗೆ ತೋರಿಸುತ್ತಿದ್ದ ಪುಟಗಳು. ಎರಡೂವರೆ ವರ್ಷದ ಹಿಂದಿನ ಒಂದು ತಾರೀಖಿನ ಕೆಳಗೆ ಅವರ ಗುಂಡು ಅಕ್ಷರದಲ್ಲಿ ಹೀಗಿತ್ತು:

‘ಜ್ವರದ ನಂತರ ನನಗೆ ವಾಸನೆ ತಿಳಿಯುತ್ತಿಲ್ಲ. ಅಮೋನಿಯ ಸೋರಿದರೆ ನನಗೆ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ಅಮೋನಿಯ ಇದ್ದರೆ ತೋರಿಸುವ ಇನ್ನೊಂದು ಮೀಟರು ಬೇಕು. ಮೀಟರು ಬಂದ ಮೇಲೂ ತಿಮ್ಮೇಶನನ್ನು ನನ್ನ ಎಡಕ್ಕೆ ನಿಲ್ಲಿಸಿಕೊಳ್ಳುತ್ತೇನೆ. ಅವನ ಮುಖದಲ್ಲಿ ಹೆದರಿಕೆ ಕಂಡರೆ ನಿಲ್ಲಿಸುತ್ತೇನೆ.’

ಕೆಳಗೆ ಮೇಡಂ ಅವರ ಅಕ್ಷರ: ‘ಒಪ್ಪಿದೆ. ಮೀಟರು ಈ ವಾರವೇ ತರಿಸಿ.’ ಅದರ ಕೆಳಗೆ ಸಹಿ.

ಅವರು ಮರಳಿ ಬಂದಾಗ ನನ್ನ ಕೈಯಲ್ಲಿ ಅದೇ ಪುಟ ಇತ್ತು. ‘ನಂಗೆ ಯಾಕೆ ಹೇಳ್ಲಿಲ್ಲ ಸಾಹೇಬ್ರೆ?’ ಎಂದೆ.

‘ಹೇಳಿದ್ರೆ ನೀನು ಇಪ್ಪತ್ನಾಲ್ಕು ಗಂಟೆ ಮೂಗು ಹಿಡ್ಕಂಡು ಕುಂತು, ಇಲ್ಲದ ವಾಸ್ನೆನೆಲ್ಲ ಹಿಡೀತಿದ್ದೆ. ನಿನ್ನ ನಾನು ಕಾಣೆನೇನಪ್ಪ?’ ಎಂದು ನಕ್ಕರು. ಆಮೇಲೆ ನಗು ಬಿಟ್ಟು, ‘ನಂಗೂ ಹೆದರಿಕೆ ಇತ್ತು, ತಿಮ್ಮೇಶ. ದಿನಾ ಇತ್ತು. ನೀನು ಪಕ್ಕದಲ್ಲಿ ನಿಂತ್ಕಂಡಾಗ ಸ್ವಲ್ಪ ಕಮ್ಮಿ ಆಗ್ತಿತ್ತು’ ಎಂದರು.

ಆ ಪುಟವನ್ನು ಈ ಗ್ರಂಥದಲ್ಲಿ ಎತ್ತಿ ಬರೆಯಲು ಅವರ ಮತ್ತು ಮೇಡಂ ಅವರ ಒಪ್ಪಿಗೆ ಪಡೆದಿದ್ದೇನೆ. ಅದನ್ನು ಓದಿದ ಮೇಲೆ ನನ್ನ ಹೆದರಿಕೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಹೆಚ್ಚಾಗಿದೆ, ಏಕೆಂದರೆ ಇಷ್ಟು ದಿನ ನನ್ನ ಮೂಗನ್ನು ನಂಬಿ ಎಂಟು ಜನ ಉಸಿರಾಡಿದ್ದರು ಎಂಬುದು ನನಗೇ ಗೊತ್ತಿರಲಿಲ್ಲ. ನನ್ನ ಎಡಕ್ಕೆ ಯಾರನ್ನು ನಿಲ್ಲಿಸಿಕೊಳ್ಳಲಿ ಎಂದು ಹುಡುಕುತ್ತಿದ್ದೇನೆ. ಹಾಲಸ್ವಾಮಿ ತಾನೇ ಬಂದು, ‘ನಾನು ನಿಂತ್ಕಳ್ಲೇನಪ್ಪ?’ ಎಂದು ಕೇಳಿದ್ದಾನೆ.

ಪೂಜ್ಯ ಮಕ್ಸೂದ್ ಸಾಹೇಬರಿಗೂ ಅವರ ಶ್ರೀಮತಿ ನಸ್ರೀನ್ ಅವರಿಗೂ ದೀರ್ಘ ಆಯುಸ್ಸು, ಕಣ್ತುಂಬ ನಿದ್ದೆ ದೊರೆಯಲಿ. ಚಂದ್ರವಳ್ಳಿಯ ಕಡೆಗೆ ಬೆಳಗಿನ ನಡಿಗೆ ತಪ್ಪದಿರಲಿ. ಮನೆಯಂಗಳದಲ್ಲಿ ಹಳೆಯ ತಿದಿಯನ್ನು ರಿಪೇರಿ ಮಾಡಿ ಮತ್ತೇನೋ ಪ್ರಯೋಗಕ್ಕೆ ಹೊರಟಿದ್ದಾರೆಂದು ಕೇಳಿದ್ದೇನೆ, ಅದೂ ಕೈಗೂಡಲಿ. ವಾಸನೆ ಒಮ್ಮೊಮ್ಮೆ ತಾನಾಗಿಯೇ ಮರಳುವುದುಂಟೆಂದು ವೈದ್ಯರು ಹೇಳಿದ್ದಾರಂತೆ. ಮುಂದಿನ ಹಂಗಾಮಿನಲ್ಲಿ ಪೇಟೆಯ ಬುಟ್ಟಿಗಳ ಮುಂದೆ ಹಾಯುವಾಗ, ಯಾವ ಸೀತಾಫಲ ಹಣ್ಣಾಗಿದೆಯೆಂದು ಅವರಿಗೇ ತಿಳಿಯಲಿ ಎಂದು ಹಾರೈಸುತ್ತೇನೆ. ತಿಳಿಯದಿದ್ದರೆ ಫೋನು ಮಾಡಲಿ, ಬರುತ್ತೇನೆ.

ಒಂದನೇ ತಾರೀಖು ಬೆಳಗ್ಗೆ ಎಂಟಕ್ಕೆ ಆ ಪ್ರಶ್ನೆಯನ್ನು ನಾನು ಕೇಳಬೇಕು. ಮೊದಲು ನನ್ನ ಹೆಸರಿನ ಮುಂದೆ ಬರೆದುಕೊಳ್ಳುತ್ತೇನೆ. ಏನು ಬರೆಯುತ್ತೇನೆಂದು ಇನ್ನೂ ಗೊತ್ತಿಲ್ಲ. ಸಾಲು ಖಾಲಿ ಇರುವುದಿಲ್ಲ.